ಸೀಲಿಂಗ್ ಫ್ಯಾನ್ ಆಯ್ಕೆ ಮಾಡುವುದು, ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯಾನ್ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿಯದ್ದು ತಗೊಳ್ಳಲಿ?" ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಫ್ಯಾನ್ ಎಲ್ಲಿ ತೂಗುತ್ತದೆ, ಯಾವುದಕ್ಕೆ ತೂಗುತ್ತದೆ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಜಾಗ ತಪ್ಪಿದರೆ ಎಂಥ ಒಳ್ಳೆ ಫ್ಯಾನ್ ತಂದರೂ ಗಾಳಿ ಖಾಲಿ ನೆಲಕ್ಕೆ ಬೀಳುತ್ತದೆ. ಕೊಂಡಿ ಸರಿಯಿಲ್ಲದಿದ್ದರೆ ಫ್ಯಾನೇ ಬೀಳಬಹುದು. ಹಾಗಾಗಿ ಇಲ್ಲಿ ಜಾಗ ಮತ್ತು ಕೊಂಡಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪ್ರಶ್ನೆ: ಫ್ಯಾನ್ ಹಾಕಿದರೆ ಕೋಣೆ ತಣ್ಣಗಾಗುತ್ತದಾ?

ಇಲ್ಲ. ತಣ್ಣಗಾಗುವುದು ಕೋಣೆಯೊಳಗೆ ಕೂತ ನಾವು. ಬೆವರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಆರುತ್ತದೆ. ಗಾಳಿ ಆಡದಿದ್ದರೆ ಮೈಗೆ ಅಂಟಿಕೊಂಡಂತೆ ಬೆಚ್ಚಗಿನ, ತೇವದ ಗಾಳಿಯ ಒಂದು ಪದರ ನಿಂತುಬಿಡುತ್ತದೆ. ಆಗ ಬೆವರು ಆರುವುದೂ ನಿಧಾನ. ಫ್ಯಾನ್ ಆ ಪದರವನ್ನು ತಳ್ಳಿಹಾಕುತ್ತದೆ, ಅಷ್ಟೇ. ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ಗಂಟೆಗಟ್ಟಲೆ ಫ್ಯಾನ್ ಓಡಿಸಿದರೂ ಅದರ ಅಂಕಿ ಇಳಿಯುವುದಿಲ್ಲ. ಮೋಟಾರಿನ ಬಿಸಿ ಸೇರಿ ಒಂದು ಚೂರು ಏರಿದರೂ ಏರಬಹುದು. ಅದಕ್ಕೇ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಯಾವ ಪ್ರಯೋಜನವೂ ಇಲ್ಲ. ಎದ್ದು ಹೋಗುವಾಗ ಆರಿಸಿ.

ಇದಕ್ಕೊಂದು ಮಿತಿಯೂ ಇದೆ. ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಫ್ಯಾನ್ ಮೈಯನ್ನು ತಂಪು ಮಾಡುವ ಬದಲು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ದಿನಗಳಲ್ಲಿ ವಯಸ್ಸಾದವರನ್ನು, ಎಳೆ ಮಕ್ಕಳನ್ನು ಬರೀ ಫ್ಯಾನ್ ನಂಬಿಕೊಂಡು ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ತಂಪಾದ ಜಾಗಕ್ಕೆ ಕರೆದುಕೊಂಡು ಹೋಗುವುದು ಬೇಕಾಗುತ್ತದೆ.

ಪ್ರಶ್ನೆ: ಯಾವ ಕೋಣೆಗೆ ಯಾವ ಸೈಜ್?

ಫ್ಯಾನಿನ ಅಳತೆಯನ್ನು ಸ್ವೀಪ್ ಅನ್ನುತ್ತಾರೆ. ರೆಕ್ಕೆಗಳ ತುದಿ ತಿರುಗುವಾಗ ಮೂಡುವ ವೃತ್ತದ ಅಗಲ ಅದು. ಸುಮಾರು 75 ಚದರ ಅಡಿವರೆಗಿನ ಚಿಕ್ಕ ಕೋಣೆಗೆ 900 ಮಿಲಿಮೀಟರ್, ಅಂದರೆ 36 ಇಂಚಿನದು ಸಾಕು. ಅಲ್ಲಿಂದ 150 ಚದರ ಅಡಿವರೆಗೆ 1200 ಮಿಲಿಮೀಟರ್, 48 ಇಂಚು. ಅದಕ್ಕಿಂತ ದೊಡ್ಡದಾದರೆ 1400. ಹಾಲ್ ಉದ್ದುದ್ದ ಇದ್ದರೆ ಒಂದು ದೊಡ್ಡ ಫ್ಯಾನಿಗಿಂತ ಎರಡು 1200ರ ಫ್ಯಾನ್ ಒಳ್ಳೆಯದು. 20 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ನಡುವೆ ಒಂದೇ ಫ್ಯಾನ್ ಹಾಕಿದರೆ ಎರಡು ತುದಿಯಲ್ಲಿ ಕೂತವರಿಗೂ ಗಾಳಿ ಸಿಗುವುದಿಲ್ಲ.

ಚಿಕ್ಕ ಕೋಣೆಗೆ ದೊಡ್ಡ ಫ್ಯಾನ್ ತುರುಕುವುದೂ ಬೇಡ. ರೆಕ್ಕೆಯ ತುದಿಯಿಂದ ಗೋಡೆಗೆ ಕಡಿಮೆ ಅಂದರೂ ಒಂದೂವರೆ ಅಡಿ, ಸಾಧ್ಯವಾದರೆ ಎರಡು ಅಡಿ ಇರಲಿ. ಗೋಡೆ ಅಂದಾಗ ಅಟ್ಟ, ಎತ್ತರದ ಬೀರು, ಪರದೆಯ ಕಂಬಿ ಎಲ್ಲವೂ ಸೇರಿತು.

ಪ್ರಶ್ನೆ: ಫ್ಯಾನ್ ಕೋಣೆಯ ನಡುಮಧ್ಯವೇ ಇರಬೇಕಾ?

ಈ ಪ್ರಶ್ನೆಯನ್ನು ಜನ ಕೇಳುವುದೇ ಕಡಿಮೆ. ಸ್ಲ್ಯಾಬ್ ಹಾಕುವವರು ದಾರ ಹಿಡಿದು ಮಧ್ಯ ಗುರುತು ಮಾಡಿ ಹುಕ್ ಬಿಡುತ್ತಾರೆ, ಆಮೇಲೆ ಜೀವನವಿಡೀ ಅದೇ ಜಾಗ.

ಫ್ಯಾನಿನ ಗಾಳಿ ರೆಕ್ಕೆಗಳ ಕೆಳಗೆ ಕಂಬದ ಹಾಗೆ ನೇರ ಇಳಿಯುತ್ತದೆ. ನೆಲಕ್ಕೆ ತಾಗಿದ ಮೇಲೆ ಸುತ್ತ ಹರಡುತ್ತದೆ. ಜೋರು ಗಾಳಿ ಬೇಕಾದರೆ ನೀವು ಆ ಕಂಬದ ಒಳಗಿರಬೇಕು. ಎರಡು ಹೆಜ್ಜೆ ಹೊರಗೆ ಬಂದರೆ ಸಾಕು, ಗಾಳಿ ಅರ್ಧಕ್ಕರ್ಧ ಕಮ್ಮಿ ಅನ್ನಿಸುತ್ತದೆ. ನಂಬಿಕೆ ಬಾರದಿದ್ದರೆ ಒಂದು ತೆಳು ಕರವಸ್ತ್ರವನ್ನು ತುದಿಯಲ್ಲಿ ಹಿಡಿದು ಫ್ಯಾನ್ ಕೆಳಗಿನಿಂದ ಗೋಡೆಯ ಕಡೆ ನಿಧಾನ ನಡೆಯಿರಿ. ಒಂದು ಜಾಗದಲ್ಲಿ ಅದು ಪಟಪಟ ಹೊಡೆದುಕೊಳ್ಳುವುದನ್ನು ಬಿಟ್ಟು ಸುಮ್ನೆ ಜೋತುಬೀಳುತ್ತದೆ. ಅಲ್ಲಿಗೆ ಕಂಬ ಮುಗಿಯಿತು.

ನಮ್ಮ ಮಲಗುವ ಕೋಣೆಯಲ್ಲಿ ಒಂದು ಗೋಡೆಗೆ ಉದ್ದಕ್ಕೂ ಬೀರು. ಎದುರು ಗೋಡೆಗೆ ಮಂಚ. ಫ್ಯಾನ್ ಮಾತ್ರ ಸ್ಲ್ಯಾಬಿನ ನಟ್ಟನಡುವೆ. ಗಾಳಿಯೆಲ್ಲ ಮಂಚಕ್ಕೂ ಬೀರುವಿಗೂ ನಡುವಿನ ಓಡಾಟದ ಜಾಗಕ್ಕೆ ಬೀಳುತ್ತಿತ್ತು. ಬೇಸಿಗೆಯಲ್ಲಿ ನಾವು ಮಂಚದ ಅಂಚಿಗೆ ಬಂದು ಮಲಗುತ್ತಿದ್ದೆವು. ಫ್ಯಾನ್ ಬದಲಾಯಿಸಿದೆವು, ಕೆಪಾಸಿಟರ್ (ಮೋಟಾರ್ ಶುರುವಾಗಿ ತಿರುಗಲು ಬೇಕಾದ ಸಣ್ಣ ಬಿಡಿಭಾಗ) ಬದಲಾಯಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಮಂಚವನ್ನು ಎರಡೂವರೆ ಅಡಿ ಮುಂದಕ್ಕೆ ಎಳೆದು, ತಲೆಯ ಹಿಂದೆ ಪುಸ್ತಕದ ಕಪಾಟು ಇಟ್ಟ ದಿನ ನಿದ್ದೆ ಬಂತು.

ಹೊಸ ಮನೆ ಕಟ್ಟಿಸುತ್ತಿದ್ದರೆ ಸ್ಲ್ಯಾಬ್ ಹಾಕುವ ಮುಂಚೆಯೇ ಮಂಚ, ಸೋಫಾ, ಊಟದ ಮೇಜು, ಓದುವ ಮೇಜು ಎಲ್ಲಿ ಬರುತ್ತವೆ ಎಂದು ನಕ್ಷೆಯಲ್ಲಿ ಬರೆದುಕೊಳ್ಳಿ. ಹುಕ್ ಅದರ ಮೇಲೆ ಬರಲಿ. ಮಧ್ಯಕ್ಕೆ ಇಲ್ಲದಿದ್ದರೆ ಅಂದ ಕೆಡುತ್ತದೆ ಅನ್ನುವವರಿರುತ್ತಾರೆ. ವಾರದೊಳಗೆ ಅದು ಕಣ್ಣಿಗೆ ಬೀಳುವುದೂ ನಿಲ್ಲುತ್ತದೆ.

ಹಾಗೇ ದೀಪದ ಜಾಗವನ್ನೂ ಜೊತೆಯಲ್ಲೇ ನೋಡಿಬಿಡಿ. ಸೀಲಿಂಗಿನಲ್ಲಿ ಹುದುಗಿಸಿದ ದೀಪ ರೆಕ್ಕೆಗಳ ಮೇಲೆ ಬಂದರೆ, ಫ್ಯಾನ್ ತಿರುಗಿದಷ್ಟು ಹೊತ್ತೂ ಬೆಳಕು ಕತ್ತಲೆ ಪಟಪಟ ಅನ್ನುತ್ತದೆ. ಓದಲು ಆಗುವುದಿಲ್ಲ, ತಲೆನೋವು ಬರುತ್ತದೆ. ದೀಪ ರೆಕ್ಕೆಯ ವೃತ್ತದಿಂದ ಸಾಕಷ್ಟು ದೂರ ಇರಲಿ, ಇಲ್ಲವೇ ಗೋಡೆಯಲ್ಲಿ ರೆಕ್ಕೆಗಿಂತ ಕೆಳಗಿರಲಿ. ಅಡುಗೆಮನೆಯಲ್ಲಾದರೆ ಒಲೆಯ ನೇರಕ್ಕೆ ಫ್ಯಾನ್ ಬೇಡ. ಉರಿ ಅಲ್ಲಾಡುತ್ತದೆ, ಸಣ್ಣ ಉರಿಯಾದರೆ ಆರಿಯೂ ಹೋಗಬಹುದು.

ಪ್ರಶ್ನೆ: ಎಷ್ಟು ಎತ್ತರದಲ್ಲಿ ಇರಬೇಕು?

ನೆಲದಿಂದ ರೆಕ್ಕೆಗೆ 7 ಅಡಿಗಿಂತ ಕಡಿಮೆ ಯಾವತ್ತೂ ಬೇಡ. 8ರಿಂದ 9 ಅಡಿ ಹಿತ. ಮೇಲೆಯೂ ಜಾಗ ಬಿಡಬೇಕು, ಯಾಕೆಂದರೆ ಫ್ಯಾನ್ ಕೆಳಗೆ ತಳ್ಳುವ ಗಾಳಿಯನ್ನು ಮೇಲಿನಿಂದಲೇ ಎಳೆದುಕೊಳ್ಳಬೇಕು. ಸೀಲಿಂಗಿಗೂ ರೆಕ್ಕೆಗೂ ನಡುವೆ ಒಂದು ಅಡಿ ಇದ್ದರೆ ಚೆನ್ನ. ತೀರಾ ಅಂಟಿಕೊಂಡಂತೆ ಇದ್ದರೆ ಮೋಟಾರ್ ಅಷ್ಟೇ ಕರೆಂಟ್ ತಿನ್ನುತ್ತದೆ, ಗಾಳಿ ಮಾತ್ರ ಕಮ್ಮಿ. ಸೀಲಿಂಗ್ 12 ಅಡಿ ಎತ್ತರ ಇದ್ದರೆ ಉದ್ದದ ರಾಡ್ ಹಾಕಿಸಿ ಕೆಳಕ್ಕೆ ತನ್ನಿ.

ಮಕ್ಕಳ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಲಗುವ ಮಂಚ ಇದೆಯಾ? ಹಾಗಿದ್ದರೆ ಎತ್ತರವನ್ನು ನೆಲದಿಂದ ಅಳೆಯಬೇಡಿ. ಮೇಲಿನ ಹಾಸಿಗೆಯ ಮೇಲೆ ಮಗು ಎದ್ದು ನಿಂತು ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೆ ನೋಡಿ. ಆ ಕೋಣೆಗೆ ಗೋಡೆಯ ಫ್ಯಾನೇ ಒಳ್ಳೆಯದು.

ಪ್ರಶ್ನೆ: ಬಿಎಲ್‌ಡಿಸಿ ಫ್ಯಾನ್ ನಿಜವಾಗಿಯೂ ಕರೆಂಟ್ ಉಳಿಸುತ್ತದಾ?

ಉಳಿಸುತ್ತದೆ. ಬಿಎಲ್‌ಡಿಸಿ ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರ್. 1200ರ ಹಳೆ ಮಾದರಿಯ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತದೆ. ಅದೇ ಅಳತೆಯ ಬಿಎಲ್‌ಡಿಸಿ 28ರಿಂದ 35 ವ್ಯಾಟ್. ಲೆಕ್ಕ ಸುಲಭ. ದಿನಕ್ಕೆ 12 ಗಂಟೆ ಓಡಿದರೆ ಹಳೆಯದಕ್ಕೆ 0.9 ಯೂನಿಟ್. 30 ವ್ಯಾಟಿನದಕ್ಕೆ 0.36 ಯೂನಿಟ್. ವರ್ಷಪೂರ್ತಿ ಹಾಗೆ ಓಡಿಸಿದರೆ ಒಂದು ಫ್ಯಾನಿಗೆ 197 ಯೂನಿಟ್ ಉಳಿತಾಯ. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ದಿನವಿಡೀ ಓಡುವ ಫ್ಯಾನಿಗೆ ಇದು ಸರಿ. ಅಪರೂಪಕ್ಕೆ ಬರುವ ನೆಂಟರ ಕೋಣೆಗೆ ಅವಸರ ಬೇಡ.

ವ್ಯತ್ಯಾಸ ಇರುವುದು ಮೋಟಾರಿನಲ್ಲಿ. ಹಳೆ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಸ್ವಂತ ಆಯಸ್ಕಾಂತ ಇರುವುದಿಲ್ಲ, ಕರೆಂಟಿನಿಂದಲೇ ಅದು ಹುಟ್ಟಬೇಕು. ಅದರಲ್ಲಿ ಒಂದಷ್ಟು ಬಿಸಿಯಾಗಿ ಹಾಳಾಗುತ್ತದೆ. ಬಿಎಲ್‌ಡಿಸಿಯಲ್ಲಿ ಕಾಯಂ ಆಯಸ್ಕಾಂತವೇ ಕೂತಿರುತ್ತದೆ, ಕರೆಂಟನ್ನು ಯಾವಾಗ ಯಾವ ಸುರುಳಿಗೆ ಕೊಡಬೇಕು ಎಂದು ಒಂದು ಎಲೆಕ್ಟ್ರಾನಿಕ್ ಬೋರ್ಡ್ ನೋಡಿಕೊಳ್ಳುತ್ತದೆ. ವೋಲ್ಟೇಜ್ ಕುಸಿದಾಗಲೂ ಇದರ ವೇಗ ಅಷ್ಟಾಗಿ ಇಳಿಯುವುದಿಲ್ಲ. ಇನ್‌ವರ್ಟರ್ ಮೇಲೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.

ಕೊರತೆಯನ್ನೂ ಹೇಳಬೇಕಲ್ವಾ? ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಆ ಬೋರ್ಡೇ. ಅದನ್ನು ಎಲ್ಲರೂ ರಿಪೇರಿ ಮಾಡುವುದಿಲ್ಲ. ಹಾಗಾಗಿ ಬೋರ್ಡ್ ಬಿಡಿಯಾಗಿ ಸಿಗುತ್ತದಾ, ವಾರಂಟಿಯಲ್ಲಿ ಬೋರ್ಡ್ ಸೇರಿದೆಯಾ ಕೇಳಿಯೇ ತಗೊಳ್ಳಿ. ಇನ್ನೊಂದು ಮುಖ್ಯ ವಿಷಯ: ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ಹಳೆ ರೆಗ್ಯುಲೇಟರ್ ಮೂಲಕ ಓಡಿಸಬಾರದು. ಕಂಪನಿಯ ಪುಸ್ತಕದಲ್ಲಿ ಬೇರೆ ಹೇಳಿರದಿದ್ದರೆ ರೆಗ್ಯುಲೇಟರ್ ತೆಗೆಸಿ ಸ್ವಿಚ್ಚಿನಿಂದ ನೇರ ಲೈನ್ ಕೊಡಿಸಿ.

ಪ್ರಶ್ನೆ: ವೇಗ ಕಮ್ಮಿ ಮಾಡಿದರೆ ಕರೆಂಟ್ ಉಳಿಯುತ್ತದಾ?

ರೆಗ್ಯುಲೇಟರ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹಳೆ ಕಾಲದ ದಪ್ಪ ಡಬ್ಬಿ ರೆಗ್ಯುಲೇಟರ್ ಒಳಗೆ ತಂತಿಯ ಸುರುಳಿ ಇರುತ್ತದೆ. ವೇಗ ಇಳಿಸಿದಾಗ ಉಳಿದ ಕರೆಂಟಿನಲ್ಲಿ ಬಹುಪಾಲು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಅದರ ಮೇಲೆ ಅಂಗೈ ಇಟ್ಟರೆ ಬೆಚ್ಚಗಿರುತ್ತದೆ, ಆ ಬಿಸಿಗೂ ನೀವು ಬಿಲ್ ಕಟ್ಟುತ್ತಿದ್ದೀರಿ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಈ ನಷ್ಟ ತೀರಾ ಕಡಿಮೆ.

ಪ್ರಶ್ನೆ: ಬಾಕ್ಸ್ ಮೇಲೆ ಏನೇನು ಓದಬೇಕು?

ಮೂರು ಅಂಕಿ. ಸ್ವೀಪ್ ಎಷ್ಟು, ವ್ಯಾಟ್ ಎಷ್ಟು, ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಕೊಡುತ್ತದೆ. 1200ರ ಫ್ಯಾನಿಗೆ ಈ ಗಾಳಿಯ ಅಂಕಿ 210ರ ಮೇಲಿದ್ದರೆ ಒಳ್ಳೆಯದು. ಗಾಳಿಯ ಅಂಕಿಯನ್ನು ವ್ಯಾಟಿನಿಂದ ಭಾಗಿಸಿ, ಉತ್ತರ ದೊಡ್ಡದಾದಷ್ಟೂ ಫ್ಯಾನ್ ಮಿತವ್ಯಯಿ. ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು ದೊಡ್ಡದಾಗಿ ಬರೆದಿರುತ್ತಾರೆ, ಅದೊಂದನ್ನೇ ನೋಡಿ ಮರುಳಾಗಬೇಡಿ. ರೆಕ್ಕೆ ಸಪೂರ ಇದ್ದು, ಓರೆ ಕಡಿಮೆ ಇದ್ದರೆ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಕತ್ತರಿಸುತ್ತದೆಯೇ ಹೊರತು ತಳ್ಳುವುದಿಲ್ಲ.

ಪ್ರಶ್ನೆ: ಮೂರು ರೆಕ್ಕೆಯೋ, ಐದು ರೆಕ್ಕೆಯೋ?

ಗಾಳಿ ಬೇಕಾದರೆ ಮೂರು. ಐದು ರೆಕ್ಕೆಯದು ನಿಧಾನವಾಗಿ ತಿರುಗುತ್ತದೆ, ಶಬ್ದ ಕಡಿಮೆ, ನೋಡಲು ಚೆಂದ. ರೆಕ್ಕೆ ಅಲ್ಯೂಮಿನಿಯಂ ಆದರೆ ತುಕ್ಕು ಹಿಡಿಯುವುದಿಲ್ಲ. ಸಮುದ್ರದ ಹತ್ತಿರ ಇರುವವರು ಕಬ್ಬಿಣದ ರೆಕ್ಕೆಯ ತಂಟೆಗೆ ಹೋಗಬೇಡಿ.

ಪ್ರಶ್ನೆ: ಸೀಲಿಂಗಿನ ಕೊಂಡಿ ಗಟ್ಟಿ ಇದೆಯಾ ಎಂದು ಹೇಗೆ ತಿಳಿಯುವುದು?

ಫ್ಯಾನಿನ ತೂಕ ಸಾಮಾನ್ಯವಾಗಿ 4 ಕಿಲೋ ಆಸುಪಾಸು. ಇಷ್ಟೇ ತೂಕ ಸುಮ್ನೆ ತೂಗುತ್ತಿದ್ದರೆ ಯಾವ ಕೊಂಡಿಯಾದರೂ ತಡೆಯುತ್ತದೆ. ಆದರೆ ಫ್ಯಾನ್ ತಿರುಗುತ್ತದೆ, ಅದುರುತ್ತದೆ. ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಉಜ್ಜುತ್ತದೆ. ಸಮಸ್ಯೆ ಅಲ್ಲಿರುವುದು.

ಏಣಿ ಹತ್ತಿ ಮೊದಲು ಕಣ್ಣಿಂದ ನೋಡಿ. ಕೊಂಡಿಯ ಬಾಗಿನಲ್ಲಿ, ಫ್ಯಾನ್ ಜೋತು ಬೀಳುವ ಕಡೆ, ಕಬ್ಬಿಣ ಸವೆದು ಸಣ್ಣ ಗೀರಿನಂಥ ಹಳ್ಳ ಬಿದ್ದಿದೆಯಾ? ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ. ತುಕ್ಕು ಪದರ ಪದರವಾಗಿ ಉದುರುತ್ತದಾ? ಕೊಂಡಿಯ ಬುಡದಲ್ಲಿ ಸಿಮೆಂಟ್ ಬಿರುಕು ಬಿಟ್ಟಿದೆಯಾ, ಸೋರಿದ ಕಲೆ ಇದೆಯಾ? ಇವುಗಳಲ್ಲಿ ಒಂದು ಕಂಡರೂ ಅದರ ಮೇಲೆ ಭರವಸೆ ಇಡಬೇಡಿ. ಎಲ್ಲವೂ ಚೆನ್ನಾಗಿ ಕಂಡರೆ ಗಟ್ಟಿ ಹಗ್ಗ ಕಟ್ಟಿ, ಫ್ಯಾನಿಗಿಂತ ನಾಲ್ಕೈದು ಪಟ್ಟು ತೂಕದ ಮೂಟೆಯನ್ನು ಸ್ವಲ್ಪ ಹೊತ್ತು ತೂಗುಬಿಡಿ. ಮೂಟೆ ನೆಲದಿಂದ ಗೇಣುದ್ದ ಮೇಲಿದ್ದರೆ ಸಾಕು. ಕೆಳಗೆ ಯಾರೂ ಇರಬಾರದು.

ಹೊಸದಾಗಿ ಸ್ಲ್ಯಾಬ್ ಹಾಕುವಾಗ ಕೊಂಡಿಯ ಕಂಬಿ ಒಳಗಿನ ಕಬ್ಬಿಣಕ್ಕೆ ಸಿಕ್ಕಿಕೊಂಡು ಕೂತಿರಬೇಕು. ಕೊಂಡಿ ಇರುವ ಫ್ಯಾನ್ ಡಬ್ಬಿಯನ್ನು ಬರೀ ಕಾಂಕ್ರೀಟಿನಲ್ಲಿ ಹೂತರೆ ಸಾಲದು. ಕಾಂಕ್ರೀಟ್ ಸುರಿಯುವ ಮುಂಚೆ ನೀವೇ ಮೇಲೆ ಹತ್ತಿ ಒಂದೊಂದನ್ನೂ ಕೈಯಿಂದ ಎಳೆದು ನೋಡಿ. ಆಮೇಲೆ ನೋಡಲು ಸಿಗುವುದಿಲ್ಲ.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಇದೆ. ತಗಡಿನ ಸೂರು ಇದೆ. ಏನು ಮಾಡಲಿ?

ಜಿಪ್ಸಮ್ ಹಲಗೆಗಾಗಲಿ ಅದರ ತೆಳು ಚೌಕಟ್ಟಿಗಾಗಲಿ ಫ್ಯಾನ್ ತೂಗುಹಾಕಲೇಬಾರದು. ಮೇಲಿನ ನಿಜವಾದ ಸ್ಲ್ಯಾಬಿನ ಕೊಂಡಿಯಿಂದ ಉದ್ದದ ರಾಡ್ ಇಳಿಸಿ, ಹಲಗೆಯಲ್ಲಿ ರಾಡಿಗಿಂತ ದೊಡ್ಡ ತೂತು ಬಿಡಬೇಕು. ರಾಡ್ ಹಲಗೆಗೆ ತಾಗಿದರೆ ಇಡೀ ಸೀಲಿಂಗ್ ಗುಂಯ್ ಅನ್ನುತ್ತದೆ.

ತಗಡು ಅಥವಾ ಹೆಂಚಿನ ಸೂರಿನಲ್ಲಿ ತೊಲೆಗೆ ಕಟ್ಟಬೇಕು, ರೀಪಿಗಲ್ಲ. ಮರದ ತೊಲೆಯಾದರೆ ಆರಪಾರ ತೂತು ಕೊರೆದು ಬೋಲ್ಟ್ ಹಾಕಿ, ಆಚೆ ಕಡೆ ವಾಷರ್ ಇಟ್ಟು ನಟ್ಟು ಬಿಗಿಯಿರಿ. ಬರೀ ಸ್ಕ್ರೂ ತಿರುಪಿದ ಕೊಂಡಿ ಅದುರಿ ಅದುರಿ ನಿಧಾನವಾಗಿ ಹೊರಗೆ ಬರುತ್ತದೆ.

ಪ್ರಶ್ನೆ: ನಾನೇ ಕೂರಿಸಬಹುದಾ?

ಹಳೆ ಫ್ಯಾನ್ ಇದ್ದ ಜಾಗಕ್ಕೆ, ಗಟ್ಟಿ ಕೊಂಡಿಗೆ, ಸರಿಯಾದ ವೈರಿಂಗಿಗೆ ಹೊಸ ಫ್ಯಾನ್ ಹಾಕುವುದಾದರೆ ಆಗುತ್ತದೆ. ಇಬ್ಬರು ಬೇಕು. ಹೊಸ ಲೈನ್ ಎಳೆಯುವುದು, ಸ್ಲ್ಯಾಬ್ ಕೊರೆಯುವುದು ಇದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಕೆಲವು ಕಡೆ ಕಾನೂನೂ ಅದನ್ನೇ ಹೇಳುತ್ತದೆ.

ಮೊದಲು ಎಂಸಿಬಿ (ಆ ಲೈನಿನ ಕರೆಂಟ್ ಪೂರ್ತಿ ಕಡಿಯುವ, ಮೇನ್ ಬೋರ್ಡಿನ ಸ್ವಿಚ್) ಇಳಿಸಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಯಾಕೆಂದರೆ ಯಾರೋ ಸ್ವಿಚ್ಚನ್ನು ಫೇಸಿಗೆ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್‌ಗೆ (ಕರೆಂಟ್ ಮರಳುವ ವೈರ್) ಕೊಟ್ಟಿದ್ದರೆ ಆರಿಸಿದ ಮೇಲೂ ಮೇಲಿನ ವೈರಿನಲ್ಲಿ ಕರೆಂಟ್ ಇರುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಉರಿಯುತ್ತದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಫ್ಯಾನಿನ ವೈರ್ ಮುಟ್ಟಿಸಿ ನೋಡಿ. ಮನೆಯವರಿಗೆಲ್ಲ ಹೇಳಿ, ಎಂಸಿಬಿ ಮೇಲೆ ಒಂದು ಚೀಟಿ ಅಂಟಿಸಿ.

ಜೋಡಣೆಯನ್ನು ನೆಲದ ಮೇಲೆ ಬಟ್ಟೆ ಹಾಸಿಕೊಂಡು ಮಾಡಿ. ರಾಡಿನ ಎರಡು ತುದಿಯ ಜೋಡಣೆಯನ್ನು ಮುಚ್ಚುವ ಬಟ್ಟಲಿನಂಥ ಮುಚ್ಚಳಗಳನ್ನು, ಅಂದರೆ ಮೇಲಿನ ಕಪ್, ಕೆಳಗಿನ ಕಪ್ ಎರಡನ್ನೂ ರಾಡಿಗೆ ಮೊದಲೇ ತೂರಿಸಿಕೊಳ್ಳಿ. ಎಲ್ಲ ಬಿಗಿದು, ತೂಗುಹಾಕಿ, ವೈರ್ ಕೊಟ್ಟ ಮೇಲೆ ಕಪ್ ನೆಲದ ಮೇಲೇ ಉಳಿದದ್ದು ಕಂಡರೆ ಪೂರ್ತಿ ಬಿಚ್ಚಬೇಕಾಗುತ್ತದೆ. ವೈರ್ ರಾಡಿನೊಳಗೆ ಸಡಿಲವಾಗಿ ಹಾಯಲಿ, ಬೋಲ್ಟಿಗೆ ಸಿಕ್ಕಿ ಜಜ್ಜಿಹೋಗದಿರಲಿ. ಕೊಂಡಿಗೆ ಕೂರುವ ರಬ್ಬರ್ ಬುಷ್ ಮರೆಯಬೇಡಿ. ಕಬ್ಬಿಣ ಕಬ್ಬಿಣಕ್ಕೆ ಉಜ್ಜದಂತೆ, ಶಬ್ದ ಸ್ಲ್ಯಾಬಿಗೆ ಹೋಗದಂತೆ ತಡೆಯುವುದು ಅದೇ. ಒಬ್ಬರು ಫ್ಯಾನ್ ಎತ್ತಿ ಹಿಡಿಯಲಿ, ಇನ್ನೊಬ್ಬರು ಬೋಲ್ಟ್ ಹಾಕಲಿ. ಫೇಸ್, ನ್ಯೂಟ್ರಲ್ ಕನೆಕ್ಟರ್‌ನಲ್ಲಿ ಕೊಡಿ, ಅರ್ತ್ ವೈರ್ ಇದ್ದರೆ ಖಂಡಿತ ಜೋಡಿಸಿ. ರೆಕ್ಕೆ ಕೊನೆಗೆ. ಮೊದಲೇ ಹಾಕಿದರೆ ಎತ್ತುವಾಗ ಬಾಗಲಿಗೋ ಏಣಿಗೋ ತಾಗಿ ಬಾಗುತ್ತವೆ.

ಮೊದಲು ನಿಧಾನ ವೇಗದಲ್ಲಿ ಓಡಿಸಿ, ದೂರ ನಿಂತು ನೋಡಿ. ಆಮೇಲೆ ಪೂರ್ತಿ ವೇಗಕ್ಕೆ ಹತ್ತು ನಿಮಿಷ.

ಪ್ರಶ್ನೆ: ಸ್ಪ್ಲಿಟ್ ಪಿನ್ ಅಂದರೆ ಏನು? ಹಾಕದಿದ್ದರೆ ಏನಾಗುತ್ತದೆ?

ಬೋಲ್ಟಿನ ತುದಿಯ ಸಣ್ಣ ತೂತಿಗೆ ತೂರಿಸಿ, ಎರಡು ಕಾಲನ್ನು ಎರಡು ಕಡೆ ಬಾಗಿಸುವ ತಂತಿಯಂಥ ಪಿನ್ ಅದು. ನಟ್ಟು ಅದುರಿ ಸಡಿಲವಾದರೂ ಬೋಲ್ಟಿನಿಂದ ಜಾರಿ ಬೀಳದಂತೆ ತಡೆಯುತ್ತದೆ. ರಾಡಿನ ಮೇಲ್ತುದಿಯಲ್ಲಿ ಒಂದು, ಮೋಟಾರ್ ಸೇರುವ ಕಡೆ ಒಂದು ಇರಬೇಕು.

ಒಮ್ಮೆ ಮನೆಗೆ ಬಣ್ಣ ಹೊಡೆಸಲು ಹಾಲಿನ ಫ್ಯಾನ್ ಇಳಿಸಿದೆವು. ಕಪ್ ಸರಿಸಿದರೆ, ಪಿನ್ ಇರಬೇಕಾದ ತೂತಿನಲ್ಲಿ ಒಂದು ತುಂಡು ತಾಮ್ರದ ವೈರ್ ಸುತ್ತಿತ್ತು. ನಟ್ಟು ಬೆರಳಲ್ಲೇ ತಿರುಗಿತು. ಆರು ವರ್ಷ ಅದರ ಕೆಳಗೆ ಊಟ ಮಾಡಿದ್ದೆವು, ಮಗಳು ಅಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಅವತ್ತಿನಿಂದ ಯಾರು ಫ್ಯಾನ್ ಕೂರಿಸಿದರೂ ಕಪ್ ಮುಚ್ಚುವ ಮುಂಚೆ ನಾನೇ ಹತ್ತಿ ಪಿನ್ ನೋಡುತ್ತೇನೆ. ನೀವೂ ನೋಡಿ. ಕೂರಿಸಿದವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಪ್ರಶ್ನೆ: ಫ್ಯಾನ್ ಅಲ್ಲಾಡುತ್ತದೆ. ಬೀಳುತ್ತದಾ?

ಕೊಂಡಿ, ಬೋಲ್ಟ್, ಪಿನ್ ಸರಿ ಇದ್ದರೆ ಸಣ್ಣ ಅಲುಗಾಟದಿಂದ ಬೀಳುವುದಿಲ್ಲ. ಆದರೂ ಸರಿಪಡಿಸಿ. ಮೊದಲು ರೆಕ್ಕೆಯ ಸ್ಕ್ರೂಗಳನ್ನು ಬಿಗಿ ಮಾಡಿ. ಧೂಳು ಒರೆಸಿ. ಒಂದು ರೆಕ್ಕೆಯ ಮೇಲೆ ದಪ್ಪ ಧೂಳು ಕೂತು ಇನ್ನೊಂದರದು ಉದುರಿದ್ದರೂ ಸಾಕು. ಆಮೇಲೆ ಒಂದು ಉದ್ದ ಕೋಲನ್ನು ಸೀಲಿಂಗಿಗೆ ಊರಿ, ರೆಕ್ಕೆಯ ತುದಿ ಬರುವ ಕಡೆ ಗುರುತು ಹಾಕಿ. ಫ್ಯಾನನ್ನು ಕೈಯಿಂದ ತಿರುಗಿಸಿ ಮೂರೂ ರೆಕ್ಕೆ ಅದೇ ಗುರುತಿಗೆ ಬರುತ್ತವಾ ನೋಡಿ. ಒಂದು ಮೇಲೆ ಕೆಳಗೆ ಬಂದರೆ ಅದು ಬಾಗಿದೆ. ಒಂದನ್ನೇ ಬೇರೆ ತಂದು ಹಾಕಬೇಡಿ. ಫ್ಯಾಕ್ಟರಿಯಲ್ಲಿ ತೂಕ ಸರಿದೂಗಿಸಿ ಒಂದು ಸೆಟ್ ಮಾಡಿರುತ್ತಾರೆ, ಬದಲಾಯಿಸಿದರೆ ಪೂರ್ತಿ ಸೆಟ್.

ಪ್ರಶ್ನೆ: ಫ್ಯಾನ್ ನಿಧಾನವಾಗಿದೆ, ಕೈಯಿಂದ ತಳ್ಳಿದರೆ ಮಾತ್ರ ಶುರುವಾಗುತ್ತದೆ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಕೆಪಾಸಿಟರ್ ಸೊರಗಿರುತ್ತದೆ. ಹಳೆಯದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಯದನ್ನೇ ತನ್ನಿ, ಎಷ್ಟೋ ಫ್ಯಾನ್‌ಗಳಲ್ಲಿ ಅದು 2.5 ಇರುತ್ತದೆ. ವೋಲ್ಟ್ ಅಂಕಿಯೂ ಹಳೆಯದಕ್ಕಿಂತ ಕಮ್ಮಿ ಬೇಡ. "ದೊಡ್ಡದು ಹಾಕಿ, ಜೋರಾಗಿ ತಿರುಗುತ್ತದೆ" ಅನ್ನುವ ಸಲಹೆ ಕೇಳಬೇಡಿ, ಸುರುಳಿ ಬಿಸಿಯಾಗಿ ಸುಡುತ್ತದೆ. ಕರೆಂಟ್ ಆರಿಸಿದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಹುದು, ಅದರ ತುದಿಗಳನ್ನು ಬರಿಗೈಲಿ ಮುಟ್ಟಬೇಡಿ.

ಕೆಪಾಸಿಟರ್ ಬದಲಾಯಿಸಿದ ಮೇಲೆ ಗಾಳಿಯೇ ಬರುತ್ತಿಲ್ಲ ಅನ್ನುವವರೂ ಉಂಟು. ವೈರ್ ಅದಲು ಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿರುತ್ತದೆ, ಗಾಳಿ ಮೇಲಕ್ಕೆ ಹೋಗುತ್ತದೆ. ರೆಕ್ಕೆಯ ಎತ್ತರದ ಅಂಚು ಮುಂದಾಗಿ ತಿರುಗಬೇಕು, ಅದು ಸರಿಯಾದ ದಿಕ್ಕು.

ಪ್ರಶ್ನೆ: ಶಬ್ದ ಬರುತ್ತದೆ. ಯಾವ ಶಬ್ದಕ್ಕೆ ಏನು ಕಾರಣ?

ಟಕ್ ಟಕ್ ಅಂದರೆ ಸ್ಕ್ರೂ ಅಥವಾ ಕಪ್ ಸಡಿಲ. ಕರ್ ಕರ್ ಅಂದರೆ ಬೇರಿಂಗ್ ಹೋಗಿದೆ. ವೇಗ ಇಳಿಸಿದಾಗ ಮಾತ್ರ ಗುಂಯ್ ಅಂದರೆ ರೆಗ್ಯುಲೇಟರ್ ಕಡೆ ನೋಡಿ. ಇನ್‌ವರ್ಟರ್ ಮೇಲೆ ಓಡುವಾಗ ಮಾತ್ರ ಗುಂಯ್ ಅಂದರೆ ಅದು ಇನ್‌ವರ್ಟರ್ ಕೊಡುವ ಚೌಕಾಕಾರದ ಅಲೆಯಿಂದ. ಫ್ಯಾನಿನ ತಪ್ಪಲ್ಲ.

ಪ್ರಶ್ನೆ: ಧೂಳು ಬೀಳದಂತೆ ಒರೆಸುವುದು ಹೇಗೆ?

ಹಳೆ ದಿಂಬಿನ ಕವರ್ ತಗೊಳ್ಳಿ. ಫ್ಯಾನ್ ಆರಿಸಿ, ಅದು ಪೂರ್ತಿ ನಿಂತ ಮೇಲೆ ರೆಕ್ಕೆಗೆ ಕವರ್ ತೊಡಿಸಿ, ಮೇಲೆ ಕೆಳಗೆ ಅಂಗೈಯಿಂದ ಒತ್ತಿ ಹಿಡಿದು ನಿಧಾನ ಎಳೆಯಿರಿ. ಧೂಳೆಲ್ಲ ಕವರಿನೊಳಗೇ ಬರುತ್ತದೆ, ಹಾಸಿಗೆ ಮೇಲೆ ಬೀಳುವುದಿಲ್ಲ. ರೆಕ್ಕೆಯನ್ನು ಕೆಳಕ್ಕೆ ಜಗ್ಗಬೇಡಿ, ಬಾಗುತ್ತದೆ. ಮೋಟಾರಿಗೆ ಒದ್ದೆ ಬಟ್ಟೆ ತಾಗಿಸಬೇಡಿ. ವರ್ಷಕ್ಕೊಮ್ಮೆ ಹೀಗೆ ಏಣಿ ಹತ್ತಿದಾಗ ಎಂಸಿಬಿ ಇಳಿಸಿ, ಮೇಲಿನ ಕಪ್ ಒಂದು ಗೇಣು ಕೆಳಗೆ ಸರಿಸಿ, ನಟ್ಟು ಮತ್ತು ಪಿನ್ ಮೇಲೆ ಟಾರ್ಚ್ ಬಿಟ್ಟು ನೋಡಿ, ರಬ್ಬರ್ ಬುಷ್ ಒಡೆದಿದೆಯಾ ನೋಡಿ, ಆಮೇಲೆ ಕಪ್ ಮೇಲಕ್ಕೆ ತಳ್ಳಿ ಬಿಗಿಯಿರಿ.